ಬೀಗದಯ್ಯನ ನಡುರಾತ್ರಿಯ ಹಸಿವು

ಬೀಗದಯ್ಯನ ಮುತ್ತಜ್ಜ ಕಿವಿ ಕೊಟ್ಟರೆ ಬೀಗ ತಾನಾಗಿ ಬಾಯಿ ಬಿಡುತ್ತಿತ್ತಂತೆ. ಸಾಹುಕಾರನೊಬ್ಬ ಸತ್ತು, ಅವನ ಮಕ್ಕಳು ತಿಜೋರಿಯ ಮುಂದೆ ಜುಟ್ಟು ಜುಟ್ಟು ಹಿಡಿದು ಬಡಿದಾಡುತ್ತಿದ್ದಾಗ ಈ ಮುತ್ತಜ್ಜನನ್ನು ಕರೆಸಿದರು. ಅವನು ತಿಜೋರಿಗೆ ಕೆನ್ನೆ ಆನಿಸಿ ಕೂತ, ಎಲ್ಲರೂ ಉಸಿರು ಬಿಗಿಹಿಡಿಯುವಂತೆ ಸನ್ನೆ ಮಾಡಿದ, ಸಂಜೆಯೊಳಗೆ ಬಾಗಿಲು ತೆರೆದ. ಒಳಗಿದ್ದದ್ದು ಒಂದು ಜೊತೆ ಹಳೇ ಚಪ್ಪಲಿ. ಅಣ್ಣತಮ್ಮಂದಿರ ಜಗಳ ಅಲ್ಲಿಗೇ ತಣ್ಣಗಾಯಿತು. ತಾತ ಇನ್ನೂ ಒಂದು ಕೈ ಮೇಲು. ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ಪಂದ್ಯಕ್ಕೆ ಕೂತು, ಬುಟ್ಟಿ ತುಂಬ ಬೀಗಗಳನ್ನು ಒಂದೊಂದಾಗಿ ಬಿಚ್ಚಿ ಹಾಕಿ, ಕೊನೆಗೆ ಪಂದ್ಯ ಕಟ್ಟಿದವನ ಜೇಬುಗಡಿಯಾರದ ಮುಚ್ಚಳವನ್ನೂ ಕೈತಪ್ಪಿ ಬಿಚ್ಚಿಬಿಟ್ಟಿದ್ದ. ಅಪ್ಪ ಕಬ್ಬಿಣದ ಬೀರು ಕಟ್ಟುವುದರಲ್ಲಿ ಎತ್ತಿದ ಕೈ. ಬೆಂಕಿ ಬಿದ್ದು ಸೂರು ಕುಸಿದ ಅಂಗಡಿಯಲ್ಲೂ ಅವನು ಕಟ್ಟಿದ ಬೀರುವಿನ ಒಳಗಿನ ಕಾಗದ ಒಂದು ಮೂಲೆಯೂ ಕಂದಿರಲಿಲ್ಲ.

ಇಂಥ ಮನೆತನದಲ್ಲಿ ಹುಟ್ಟಿದ ಬೀಗದಯ್ಯನ ಸಾಹಸ ಯಾವುದೆಂದರೆ, ನಡುರಾತ್ರಿ ಎದ್ದು, ದೀಪ ಹಾಕದೆ, ಅಡುಗೆಮನೆಯ ಬಿಸ್ಕತ್ತಿನ ಪೊಟ್ಟಣವನ್ನು ಸದ್ದಾಗದಂತೆ ಬಿಚ್ಚಿ, ತಿಂದು, ಯಾರೂ ಮುಟ್ಟೇ ಇಲ್ಲವೇನೋ ಎಂಬ ಹಾಗೆ ಮಡಚಿಡುವುದು. ಇದನ್ನು ಹೇಳಿಕೊಂಡು ಮೊದಲು ನಗುವವನೂ ಅವನೇ. “ಮುತ್ತಜ್ಜ ತಿಜೋರಿ ತೆಗೆದ, ತಾತ ಬುಟ್ಟಿ ಬೀಗ ತೆಗೆದ, ನಾನು ಜಾಮಿನ ಶೀಶೆ ತೆಗೆದೆ. ಅದೂ ಒಂದೊಂದ್ಸಲ ಮುಚ್ಚಳ ಬಿಗಿಯಾಗಿರುತ್ತೆ ಕಣ್ರೀ” ಎನ್ನುವನು.

ಈ ಚಾಳಿಗೆ ಬೀಜ ಬಿದ್ದದ್ದು ಕಸುಬಿನಿಂದಲೇ. ಹರೆಯದಲ್ಲಿ ರಾತ್ರಿಯೆಲ್ಲ ಬಾಗಿಲು ಬಡಿಯುವವರಿದ್ದರು. ಬೀಗದ ಕೈ ಒಳಗಿಟ್ಟು ಬಾಗಿಲೆಳೆದುಕೊಂಡವರು, ಕುಡಿದು ಚರಂಡಿಗೆ ಕೀಲಿ ಬೀಳಿಸಿದವರು, ಗಂಡನ ಮೇಲೆ ಮುನಿಸಿಕೊಂಡು ಕೋಣೆಯಲ್ಲಿ ಸಿಕ್ಕಿಕೊಂಡವರು, ಯಾರು ಕರೆದರೂ ಚೀಲ ಹೆಗಲಿಗೇರಿಸಿ ಹೋಗುತ್ತಿದ್ದ. ಹಿಂದಿರುಗಿ ಬಂದರೆ ಹೊಟ್ಟೆಯಲ್ಲಿ ಇಲಿಗಳು ಓಡುತ್ತಿದ್ದವು. ಹೆಂಡತಿ ಮುಚ್ಚಿಟ್ಟಿರುತ್ತಿದ್ದ ತಟ್ಟೆಯನ್ನು ನಿಂತೇ ಬರಿದು ಮಾಡಿ ಮಲಗುತ್ತಿದ್ದ. ಆಮೇಲೆ ಒತ್ತಿದರೆ ತೆರೆದುಕೊಳ್ಳುವ ನಂಬರ್ ಬೀಗಗಳು ಬಂದವು. ಕರೆಯುವವರು ನಿಂತರು. ಹೊಟ್ಟೆ ಮಾತ್ರ ಅದೇ ಹೊತ್ತಿಗೆ ಕರೆಯುವುದನ್ನು ನಿಲ್ಲಿಸಲಿಲ್ಲ. ಹೋಗಲು ಬೇರೆ ಮನೆ ಇಲ್ಲದ್ದರಿಂದ ಬೀಗದಯ್ಯ ತನ್ನದೇ ಅಡುಗೆಮನೆಗೆ ಹೋಗತೊಡಗಿದ.

ವರ್ಷಗಟ್ಟಲೆ ಇದು ಯಾರಿಗೂ ತೊಂದರೆಯಾಗಲಿಲ್ಲ. ಮನೆಯ ಇಲಿಯ ಹೆಸರು ಕೆಟ್ಟಿತು, ಅಷ್ಟೇ. ಸೊಸೆ ಇಲಿಬೋನು ತಂದಳು. ಬೋನಿನ ಸ್ಪ್ರಿಂಗ್ ಸಡಿಲವಾಗಿದೆಯೆಂದು ಬೀಗದಯ್ಯನ ಕೈಗೇ ಕೊಟ್ಟಳು. ಕೆಲಸ ಎಂದ ಮೇಲೆ ಕೆಲಸ. ಅವನು ಅದನ್ನು ಚೆನ್ನಾಗಿ ಬಿಗಿ ಮಾಡಿ, ಎಣ್ಣೆ ಹಾಕಿ, ಬೆಣ್ಣೆಯಷ್ಟು ನಯವಾಗಿ ಬಡಿಯುವ ಹಾಗೆ ಮಾಡಿಕೊಟ್ಟ. ಆ ರಾತ್ರಿಯೇ ಅದು ಅವನ ಹೆಬ್ಬೆರಳನ್ನು ಹಿಡಿಯಿತು. ಕೂಗಿದರೆ ಮಾನ ಹೋಗುತ್ತದೆ, ಕೂಗದಿದ್ದರೆ ಪ್ರಾಣ ಹೋಗುತ್ತದೆ. ಕೂಗಿದ.

ದೀಪ ಹತ್ತಿತು. ಬಾಗಿಲಲ್ಲಿ ಹೆಂಡತಿ, ಮಗ, ಸೊಸೆ ಮೂವರೂ ನಿಂತಿದ್ದರು. ಬಾಯಿ ತುಂಬ ಬ್ರೆಡ್ಡು ಇಟ್ಟುಕೊಂಡ ಬೀಗದಯ್ಯ ಬೋನಿನೊಂದಿಗೆ ಕೈ ಎತ್ತಿ ತೋರಿಸಿದ.

“ಇಲಿ ಸಿಕ್ತು ಕಣ್ರೀ ಅತ್ತೆ” ಎಂದಳು ಸೊಸೆ. “ಸ್ವಲ್ಪ ದಪ್ಪ ಇದೆ.”

“ಸ್ಪ್ರಿಂಗ್ ಹೇಗಿದೆ ನೋಡಮ್ಮ” ಎಂದ ಬೀಗದಯ್ಯ, ಬ್ರೆಡ್ಡು ನುಂಗಿಕೊಂಡು. “ಒಂದು ಕೂದಲಿನಷ್ಟೂ ಅಲ್ಲಾಡ್ತಿಲ್ಲ.”

ನಗೆಯಲ್ಲಿ ಕಳೆದುಹೋಗಬೇಕಿದ್ದ ಈ ಸಂಗತಿ ಕಣ್ಣಿನ ಡಾಕ್ಟರ ಕೋಣೆಯಲ್ಲಿ ಬೇರೆ ಮುಖ ತೋರಿಸಿತು. ಬೀಗದಯ್ಯನ ಎಡಗಣ್ಣು ಹರೆಯದಲ್ಲೇ, ಹಿತ್ತಾಳೆಯ ಚೂರು ಸಿಡಿದು ಹೋಗಿತ್ತು. ಇಷ್ಟು ದಿನ ಬಲಗಣ್ಣಿನಲ್ಲೇ ಬದುಕು ನಡೆಸಿದ್ದ. ಈಗ ಅದಕ್ಕೂ ಪೊರೆ ಬಂದು ಕೀಲಿಯ ಹಲ್ಲುಗಳು ಹೊಗೆಯೊಳಗಿನ ಹಾಗೆ ಕಾಣುತ್ತಿದ್ದವು. ಕೀಲಿ ಉಜ್ಜುವ ಅರ ಎತ್ತ ಓಡುತ್ತಿದೆ ಎಂದು ಬೆರಳು ಹೇಳಬೇಕಿತ್ತು, ಕಣ್ಣು ಹೇಳುತ್ತಿರಲಿಲ್ಲ. ಡಾಕ್ಟರು ರಕ್ತ ಪರೀಕ್ಷೆಯ ಕಾಗದ ನೋಡಿ ಹುಬ್ಬು ಗಂಟಿಕ್ಕಿದರು.

“ಸಕ್ಕರೆ ಇಷ್ಟಿಟ್ಕೊಂಡು ನಾನು ಕಣ್ಣು ಮುಟ್ಟಲ್ಲ. ನಿಮಗಿರೋದೇ ಒಂದು ಕಣ್ಣು. ಕೀವಾದ್ರೆ ಇನ್ನೊಂದು ಎಲ್ಲಿಂದ ತರ್ತೀರ? ಮೊದಲು ಇಳಿಸ್ಕೊಂಡು ಬನ್ನಿ. ರಾತ್ರಿ ಊಟ ಆದ್ಮೇಲೆ ಏನಾದ್ರೂ ತಿಂತೀರಾ?”

“ಏನೂ ಇಲ್ಲ ಸಾರ್” ಎಂದ ಬೀಗದಯ್ಯ.

ಪಕ್ಕದಲ್ಲಿ ಕೂತಿದ್ದ ಹೆಂಡತಿ ಕಿಸಕ್ಕನೆ ನಕ್ಕಳು. “ಸಾರ್, ಇವ್ರ ಹೆಬ್ಬೆಟ್ಟು ನೋಡಿ” ಎಂದಳು.

ಮನೆಗೆ ಬರುವ ದಾರಿಯಲ್ಲಿ ಅವಳು ನಗಲಿಲ್ಲ. “ನೋಡಿ, ಈ ಕಣ್ಣೂ ಹೋದ್ರೆ ನೀವು ಕೈ ಕಟ್ಕೊಂಡು ಕೂರೋ ಜನ ಅಲ್ಲ. ಕೂತಲ್ಲೇ ಸೊರಗಿಹೋಗ್ತೀರ. ನನಗೆ ಗೊತ್ತು” ಎಂದಳು. ಬೀಗದಯ್ಯನಿಗೆ ತನ್ನ ಕೆಲಸದ ಮಣೆ, ಕಿಟಕಿಯಿಂದ ಅದರ ಮೇಲೆ ಬೀಳುವ ಬೆಳಕು, ಸಾಲಾಗಿ ನೇತುಹಾಕಿದ ಅರಗಳು ಎಲ್ಲ ಕಣ್ಣ ಮುಂದೆ ಬಂದವು. ಒಂದು ಬಿಸ್ಕತ್ತಿನ ಚೂರಿಗಾಗಿ ಇದನ್ನೆಲ್ಲ ಕೈಬಿಡುವಷ್ಟು ಮಂಕು ತನಗೆ ಬಡಿದಿಲ್ಲ ಎಂದುಕೊಂಡ. ಆ ರಾತ್ರಿ ಎದ್ದು ಎರಡು ಚೂರು ತಿಂದ.

ಮರುದಿನದಿಂದ ಮನೆಯವರೆಲ್ಲ ಅವನ ಹಿಂದೆ ಬಿದ್ದರು. ಮಗ ಹಾಸಿಗೆಯ ಪಕ್ಕದಲ್ಲಿ ನೀರಿನ ತಂಬಿಗೆ ಇಟ್ಟು, ಹಸಿವಾದಾಗ ಕುಡಿಯಿರಿ ಎಂದ. ಕುಡಿದ ನೀರು ಅವನನ್ನು ಬಚ್ಚಲಿಗೆ ಎಬ್ಬಿಸಿತು, ಬಚ್ಚಲ ದಾರಿ ಅಡುಗೆಮನೆಯನ್ನು ಹಾದುಹೋಗುತ್ತಿತ್ತು. ಸೊಸೆ ಮಲಗುವ ಮುಂಚೆ ಹಲ್ಲುಜ್ಜಿಸಿದಳು. ಬೀಗದಯ್ಯ ನಡುರಾತ್ರಿ ತಿಂದು ಮತ್ತೊಮ್ಮೆ ಉಜ್ಜಿಕೊಂಡು ಮಲಗಿದ. ಹೆಂಡತಿ ಅಡುಗೆಮನೆಯ ಹೊಸ್ತಿಲಿಗೆ ಅಡ್ಡಲಾಗಿ ಚಾಪೆ ಹಾಸಿ ಮಲಗಿದಳು. ಅವನು ಅವಳ ಕಾಲಿಗೆ ತಾಗದಂತೆ ದಾಟಿದ್ದಲ್ಲದೆ, ಜಾರಿದ್ದ ಹೊದಿಕೆಯನ್ನು ಸರಿಪಡಿಸಿಯೂ ಬಂದಿದ್ದ. ಬೆಳಿಗ್ಗೆ ಅವಳು, “ಕಳ್ಳನಿಗೆ ಮರ್ಯಾದೆ ಇದೆ” ಎಂದಳು.

ಕೊನೆಗೆ ಬೀಗದಯ್ಯನೇ ದಾರಿ ಕಂಡುಕೊಂಡ. ಅಪ್ಪ ಕಟ್ಟಿದ ಕಬ್ಬಿಣದ ಬೀರುವೊಂದು ಅಡುಗೆಮನೆಯಲ್ಲೇ ಇತ್ತು. ಸಕ್ಕರೆ, ಬೆಲ್ಲ, ಬಿಸ್ಕತ್ತು, ಬ್ರೆಡ್ಡು, ಜಾಮು, ಕಡಲೆಬೀಜ ಎಲ್ಲ ಅದರೊಳಗೆ ಹೋಗಲಿ, ಬೀಗ ಬೀಳಲಿ, ಕೀಲಿ ಹೆಂಡತಿಯ ಬಳಿ ಇರಲಿ. ಯಾರಿಗೂ ಹೊಳೆಯದ ಉಪಾಯ ತನಗೆ ಹೊಳೆಯಿತೆಂದು ಬೀಗಿದ. ಬೀಗ ಹಾಕಬೇಕಾದವನೂ ಬೀಗ ತೆಗೆಯುವವನೂ ಒಬ್ಬನೇ ಎಂಬುದನ್ನು ಮಾತ್ರ ಮರೆತಿದ್ದ.

ಮೊದಲನೆಯ ಬೀಗವನ್ನು ಅವನು ಅರೆನಿದ್ದೆಯಲ್ಲಿ, ಹೆಂಡತಿಯ ಕೂದಲ ಪಿನ್ನಿನಿಂದ ತೆಗೆದ. ಕತ್ತಲೆ ಅವನಿಗೆ ಅಡ್ಡಿಯೇ ಅಲ್ಲ. ಕಣ್ಣು ಕೈಕೊಟ್ಟ ಮೇಲೆ ಬೆರಳುಗಳು ಇನ್ನಷ್ಟು ಚುರುಕಾಗಿದ್ದವು. ಬೆಳಿಗ್ಗೆ ಎದ್ದಾಗ ನಾಚಿಕೆಯಾಯಿತು. ತಿಂದದ್ದಕ್ಕಲ್ಲ, ಇಷ್ಟು ಹೀನ ಬೀಗವನ್ನು ಹಾಕಿದ್ದಕ್ಕೆ. ಅದನ್ನು ಕಿತ್ತು, ಒಳಗೆ ಇನ್ನೊಂದು ಲಿವರ್, ಕೀಲಿ ಎತ್ತಿದರಷ್ಟೇ ಏಳುವ ತಗಡು, ಕೂರಿಸಿದ. ಆ ರಾತ್ರಿ ಸ್ವಲ್ಪ ಹೊತ್ತು ಹಿಡಿಯಿತು, ತೆಗೆದ. ಮತ್ತೆ ಬಿಗಿ ಮಾಡಿದ, ಮತ್ತೆ ತೆಗೆದ. ಹಗಲಿನ ಬೀಗದಯ್ಯನಿಗೂ ರಾತ್ರಿಯ ಬೀಗದಯ್ಯನಿಗೂ ಜಿದ್ದು ಬಿದ್ದಿತು. ಹಗಲಿನವನು ಸೋಲುತ್ತಲೇ ಹೋದ, ಸಕ್ಕರೆ ಏರುತ್ತಲೇ ಹೋಯಿತು.

“ಈಗ ನೀವು ತಿನ್ನೋಕೆ ಏಳ್ತಾ ಇಲ್ಲ” ಎಂದಳು ಹೆಂಡತಿ ಒಂದು ದಿನ. “ಬೀಗ ತೆಗಿಯೋಕೆ ಏಳ್ತೀರ. ತಿನ್ನೋದು ಕೂಲಿ.”

ಈ ಮಾತು ಚುಚ್ಚಿತು, ನಿಜವಾದ್ದರಿಂದ. “ಹಂಗಾದ್ರೆ ನೋಡೇ” ಎಂದ ಬೀಗದಯ್ಯ, “ನನ್ನಂಥವನಿಗೂ ಬಗ್ಗದ ಬೀಗ ಮಾಡ್ತೀನಿ. ಆಗದಿದ್ರೆ ನನ್ನ ಅರಗಳನ್ನೆಲ್ಲ ತೂಕಕ್ಕೆ ಹಾಕು.”

ಹಗಲೆಲ್ಲ ಮಣೆಯ ಮುಂದೆ ಕೂತ. ಹಿತ್ತಾಳೆಯ ತಗಡುಗಳನ್ನು ಉಗುರಿನಿಂದ ಸವರಿ ಅಳತೆ ನೋಡಿದ, ನಾಲಗೆಯ ತುದಿಯಿಂದ ಅಂಚಿನ ಒರಟು ನೋಡಿದ. ಒಳಗೆ ಸುಳ್ಳು ಕಚ್ಚುಗಳನ್ನು ಕೊರೆದ. ತಂತಿ ಹಾಕಿ ಕೆದಕುವವನಿಗೆ ಇಗೋ ತೆರೆಯಿತು ಎನಿಸಬೇಕು, ಅಷ್ಟರಲ್ಲಿ ಕಚ್ಚು ತಂತಿಯನ್ನು ಹಲ್ಲಿನಂತೆ ಕಚ್ಚಿ ಹಿಡಿಯಬೇಕು. ತನ್ನ ಬಾಳಿನಲ್ಲೇ ಅವನು ಅಂಥ ಬೀಗ ಮಾಡಿರಲಿಲ್ಲ. ಬೀರುವಿನ ಬಾಗಿಲಿಗೆ ಕೂರಿಸಿ, ಕೀಲಿ ತಿರುಗಿಸಿದಾಗ ಬಂದ ಸದ್ದು ಕೇಳಿ ಅವನಿಗೇ ಮೈ ಜುಮ್ಮೆಂದಿತು. ಕೀಲಿಯನ್ನು ಹೆಂಡತಿಯ ಕೈಗಿಟ್ಟ.

ರಾತ್ರಿ ಎಚ್ಚರವಾಯಿತು. ಬರೀ ಮುಟ್ಟಿ ನೋಡಿ ಬರುತ್ತೇನೆ ಎಂದು ತನಗೆ ತಾನೇ ಹೇಳಿಕೊಂಡ. ತಂತಿಯನ್ನು ಯಾಕೆ ತೆಗೆದುಕೊಂಡೆ ಎಂದು ತನ್ನನ್ನು ಕೇಳಿಕೊಳ್ಳಲಿಲ್ಲ. ಮೊದಲ ಲಿವರ್ ಎದ್ದಿತು, ಎರಡನೆಯದು ಎದ್ದಿತು. ಸುಳ್ಳು ಕಚ್ಚು ಎಲ್ಲಿದೆಯೆಂದು ಅವನಿಗೆ ಗೊತ್ತಿತ್ತು, ಅದನ್ನು ತಪ್ಪಿಸಿದ. ಆದರೆ ಹಗಲಿನವನು ಗಟ್ಟಿಗ. ಕೆಲಸದ ಹುರುಪಿನಲ್ಲಿ ಅವನು ಒಂದರ ಹಿಂದೆಯೇ ಇನ್ನೊಂದು ಸುಳ್ಳು ಕಚ್ಚು ಕೊರೆದಿದ್ದನ್ನು ರಾತ್ರಿಯವನು ಮರೆತಿದ್ದ. ಟಕ್ ಎಂದು ತಂತಿ ಮುರಿಯಿತು. ತುಂಡು ಒಳಗೇ ಉಳಿಯಿತು.

ಬೀಗದಯ್ಯ ಕೈಯಲ್ಲುಳಿದ ತಂತಿಯ ಮುರಿದ ತುದಿಯನ್ನು ಬೆರಳಿನಿಂದ ಸವರಿ ನೋಡಿದ. ಆಮೇಲೆ ಅವನಿಗೆ ನಗು ಬಂತು. ಸದ್ದಾಗದಂತೆ ಬಾಯಿಗೆ ಕೈ ಅಡ್ಡ ಹಿಡಿದು, ಹೆಗಲು ಕುಣಿಯುವ ಹಾಗೆ ನಕ್ಕ. ಏನೂ ತಿನ್ನದೆ ಬಂದು ಮಲಗಿದ.

ಬೆಳಿಗ್ಗೆ ಸೊಸೆ ಚಹಾಕ್ಕೆ ಸಕ್ಕರೆ ತೆಗೆಯಲು ಹೋದರೆ ಕೀಲಿ ಒಳಕ್ಕೇ ಹೋಗಲಿಲ್ಲ. “ಮಾವ, ಏನ್ ಮಾಡಿದ್ರಿ?”

“ಕಳ್ಳ ಬಂದಿದ್ದನಮ್ಮ” ಎಂದ ಬೀಗದಯ್ಯ. “ತಂತಿ ಮುರ್ಕೊಂಡು ಹೋಗಿದ್ದಾನೆ. ಇಷ್ಟು ವರ್ಷ ಕಸುಬು ಮಾಡಿದ ಮುದಿ ಕಳ್ಳ, ನಾಚಿಕೆಯಾಗ್ಬೇಕು ಅವನಿಗೆ.”

ತಾನೇ ತೆಗೆಯುತ್ತೇನೆಂದು ಚಿಮಟ ಹಿಡಿದು ಕೂತ. ತುಂಡಿನ ತುದಿ ಕೂದಲಿನಷ್ಟು, ರಂಧ್ರದ ಆಳದಲ್ಲಿ. ಅದಕ್ಕೆ ಬೆರಳು ಹೋಗದು, ಕಣ್ಣೇ ಬೇಕು. ಕಣ್ಣಿಗೆ ಕಂಡದ್ದು ಬರೀ ಹೊಗೆ. ಚಿಮಟ ಕೆಳಗಿಟ್ಟ.

ಅಂದಿನಿಂದ ಮನೆಯಲ್ಲಿ ಆ ದಿನಕ್ಕೆ ಬೇಕಾದಷ್ಟೇ ತರುವುದಾಯಿತು. ರಾತ್ರಿ ದೀಪ ಆರುವ ಹೊತ್ತಿಗೆ ಅಡುಗೆಮನೆಯಲ್ಲಿ ತೊಳೆದ ಪಾತ್ರೆ ಬಿಟ್ಟರೆ ಏನೂ ಇರುತ್ತಿರಲಿಲ್ಲ. ಬೀಗದಯ್ಯ ಎದ್ದು ಹೋಗಿ ಬೀರುವನ್ನು ಸವರಿ ಬರುತ್ತಿದ್ದ. ಹೊಟ್ಟೆ ಗುರುಗುಟ್ಟುತ್ತಿತ್ತು, ಗದರಿಸುತ್ತಿದ್ದ. ಬರಬರುತ್ತ ಹೋಗುವುದು ತಪ್ಪಿತು, ಹಾಸಿಗೆಯಲ್ಲೇ ಹೊರಳಿ ಮಲಗತೊಡಗಿದ. ಒಂದು ಬೆಳಿಗ್ಗೆ ಕಣ್ಣು ಬಿಟ್ಟರೆ ಕಿಟಕಿಯಲ್ಲಿ ಬಿಸಿಲು. ರಾತ್ರಿ ಎಲ್ಲಿ ಹೋಯಿತೆಂದೇ ತಿಳಿಯಲಿಲ್ಲ. ಮತ್ತೆ ರಕ್ತ ಕೊಟ್ಟು ಬಂದಾಗ ಡಾಕ್ಟರ ಹುಬ್ಬು ಸಡಿಲವಾಗಿತ್ತು. “ಇಳೀತಿದೆ. ಹೀಗೇ ಇದ್ರೆ ಇನ್ನೊಂದು ಪರೀಕ್ಷೆ ಮಾಡಿ ಕಣ್ಣಿಗೆ ಕೈ ಹಾಕ್ತೀನಿ. ಈಗ ಮತ್ತೆ ರಾತ್ರಿ ಬಾಯಾಡಿಸಿದ್ರೆ ಮಾತ್ರ ನನ್ನ ಹತ್ರ ಬರ್ಬೇಡಿ” ಎಂದರು.

ಆದರೆ ಬೀರುವಿನೊಳಗಿನ ಬ್ರೆಡ್ಡು ಸುಮ್ಮನಿರಲಿಲ್ಲ. ನಾತ ಎದ್ದಿತು. ಸಂದಿಯಿಂದ ಇರುವೆಗಳು ಮದುವೆ ದಿಬ್ಬಣದ ಹಾಗೆ ಸಾಲಾಗಿ ಹೋಗಿ ಬರತೊಡಗಿದವು. ಸೊಸೆಯ ತಾಳ್ಮೆ ಮುಗಿಯಿತು. ಮಗ ಯಾರಿಗೂ ಹೇಳದೆ ಹೋಗಿ, ಪಕ್ಕದ ಬೀದಿಯಲ್ಲಿ ಮೆಷಿನ್ನಿಟ್ಟು ಕೀಲಿ ಕೊರೆಯುವವನನ್ನು ಕರೆತಂದ.

ಆ ಮೆಷಿನ್ನಿನವನು ಬೀಗದಯ್ಯನ ಅರ್ಧ ವಯಸ್ಸಿನವನು. ಬೀಗದಯ್ಯನ ಗಿರಾಕಿಗಳೆಲ್ಲ ಒಬ್ಬೊಬ್ಬರಾಗಿ ಅವನ ಪಾಲಾಗಿದ್ದರು. ಆದರೂ ಎದುರು ಸಿಕ್ಕಾಗ ಸೈಕಲ್ಲಿನಿಂದ ಇಳಿದು ಮಾತಾಡಿಸುವ ಗುಣವಂತ. ಚೀಲದಿಂದ ಡ್ರಿಲ್ ತೆಗೆದು, ಬೀಗದ ಮುಂದೆ ಮಂಡಿಯೂರಿ, ಟಾರ್ಚು ಬಿಟ್ಟು ನೋಡಿದ. ನೋಡುತ್ತಲೇ ಉಳಿದ.

“ಅಣ್ಣಾ, ಇದು ನೀವೇ ಮಾಡಿದ್ದಾ?”

“ನಾನೇ. ಒಳಗಿರೋ ತಂತಿನೂ ನಂದೇ.”

“ಒಂದರ ಹಿಂದೆ ಒಂದು ಕಚ್ಚು ಇಟ್ಟಿದ್ದೀರಲ್ಲ! ಎಲ್ಲೂ ನೋಡಿಲ್ಲ ಅಣ್ಣಾ ಇಂಥದ್ದು. ಕೊರೆಯೋಕೆ ಮನಸ್ಸು ಬರಲ್ಲ. ಬೇಡ, ಡ್ರಿಲ್ ಬೇಡ. ನನ್ನ ಕಣ್ಣು ಚೆನ್ನಾಗಿದೆ, ಚಿಮಟದಲ್ಲೇ ಆ ಚೂರು ಎಳೆದುಕೊಡ್ತೀನಿ. ಬೀಗ ಮುಕ್ಕಾಗಲ್ಲ. ಕೂಲಿನೂ ಬೇಡ, ನಿಮ್ಮ ಕೆಲಸ ನೋಡಿದ್ದೇ ಸಾಕು.”

“ಹ್ಞೂಂ ಅನ್ನಿ ಅಪ್ಪಾ” ಎಂದ ಮಗ. “ಮನೆಯೆಲ್ಲ ನಾತ ಹೊಡೀತಿದೆ.”

ಹೆಂಡತಿ ಗಂಡನ ಮುಖವನ್ನೇ ನೋಡುತ್ತಿದ್ದಳು. ಬೀಗದಯ್ಯನ ಬೆರಳುಗಳು ತಾವಾಗಿಯೇ ಚಿಮಟದತ್ತ ಹೋಗಿ ಹಿಂದೆ ಬಂದವು. ಆ ಚೂರು ಹೊರಬಂದರೆ ಬೀಗ ಉಳಿಯುತ್ತದೆ, ಹೆಸರೂ ಉಳಿಯುತ್ತದೆ. ಇಂದು ರಾತ್ರಿ ಬೀರು ಮತ್ತೆ ಅವನಿಗೆ ಸವಾಲು ಹಾಕುತ್ತದೆ. ಅವನು ಮೆಷಿನ್ನಿನವನ ಭುಜದ ಮೇಲೆ ಕೈಯಿಟ್ಟು ಮೆಲ್ಲಗೆ ಎಬ್ಬಿಸಿದ.

“ಬೇಡ ತಮ್ಮಾ, ಏಳು. ನಿನ್ನ ಮೇಲೆ ಹೊಟ್ಟೆಕಿಚ್ಚಲ್ಲ. ಇದ್ದದ್ದು ನಿಜ, ಆದ್ರೆ ಇವತ್ತು ಬೇಡ ಅನ್ನೋದು ಅದಕ್ಕಲ್ಲ. ನೀನು ಈ ಬೀಗ ತೆಗೆದುಕೊಟ್ಟು ನಿನ್ನ ಪಾಡಿಗೆ ಮನೆಗೆ ಹೋಗಿ ಮಲಗ್ತೀಯ. ನಾನು ಇಲ್ಲೇ ಇರ್ತೀನಲ್ಲಪ್ಪ, ಆ ಇನ್ನೊಬ್ಬನ ಜೊತೆ! ಅವನನ್ನ ನೀನು ನೋಡಿಲ್ಲ, ಭಾರಿ ಕೈಚಳಕದವನು, ಮಾನ ಅನ್ನೋದು ಒಂದು ಚೂರಿಲ್ಲ. ಡಾಕ್ಟ್ರು ನನಗೆ ಕಣ್ಣು ಕೊಡಲಿ, ಆಮೇಲೆ ಆ ತಂತಿ ಚೂರನ್ನ ನಾನೇ ನೋಡಿ, ನಾನೇ ಎಳೀತೀನಿ. ಅಲ್ಲಿವರೆಗೂ ಯಾರೂ ಕೈ ಹಾಕ್ಬೇಡಿ. ಒಳಗಿರೋದೆಲ್ಲ ಇರುವೆ ತಿನ್ನಲಿ ಬಿಡು, ಅವಕ್ಕೆ ಸಕ್ಕರೆ ಕಾಯಿಲೆ ಇಲ್ಲ.”