ಅಕ್ಕಾರು ಬರೆದ ಸ್ಕ್ರಿಪ್ಟು

ನಿನ್ನೆ ತೇರದಾಳದ ಬಸ್ಸಿನಲ್ಲಿ ಪಕ್ಕದ ಹೆಂಗಸು ಮೊಣಕೈಗೆ ನೀಲಗಿರಿ ಎಣ್ಣೆ ತಿಕ್ಕಿಕೊಂಡಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ತಿರುಗಿ ನೋಡಿದೆ. ಅಕ್ಕಾರಲ್ಲ. ಅವರಾಗಿರಲು ಸಾಧ್ಯವೂ ಇರಲಿಲ್ಲ...

ಜಮಖಂಡಿ ಕೋರ್ಟಿನ ಎದುರು ಒಂದು ಟೈಪಿಂಗ್ ಅಂಗಡಿ. ಕೆಲಸಕ್ಕೆ ನಾವಿಬ್ಬರೇ ಹೆಂಗಸರು. ನನಗೆ ಕೆಲಸ ಕಲಿಸಿದವರು ಅವರು, ಅದಕ್ಕೇ ಅಕ್ಕಾರು. ದಿನವಿಡೀ ಅಫಿಡವಿಟ್ಟು, ಕರಾರುಪತ್ರ, ಖರೀದಿಪತ್ರ. ‘ಪ್ರಮಾಣಪೂರ್ವಕವಾಗಿ ಬರೆದುಕೊಡುವುದೇನೆಂದರೆ’ ಎಂದು ಹೊಡೆದೂ ಹೊಡೆದೂ ನನಗಂತೂ ತಲೆ ಚಿಟ್ಟು ಹಿಡಿದಿತ್ತು. ಅಕ್ಕಾರ ಬಲಗೈ ಬೆರಳುಗಳು ಸೆಟೆದುಕೊಳ್ಳತೊಡಗಿದ್ದು ಆಗಲೇ. ಬಿಡುವಾದಾಗಲೆಲ್ಲ ಎಣ್ಣೆ ತಿಕ್ಕುವರು. ಮಾಲೀಕರು ಬಂದರೆ ಕೈ ಸೆರಗಿನೊಳಗೆ. ಗಂಡ ತೀರಿಹೋಗಿದ್ದ, ಆ ಪಗಾರವೇ ಆಧಾರ.

"ಕೈ ನಿಂತ್ರ ಕೆಲಸಾನೂ ಹೋದಂಗ ತಂಗಿ. ಮಾಲಕರ ಮುಂದ ಬಾಯಿ ಬಿಡಬ್ಯಾಡ," ಎಂದರು ಒಮ್ಮೆ.

ಹಾಗಂತ ಸುಮ್ಮನೆ ಕೂರುವ ಜೀವವಲ್ಲ ಅದು. ಮೊಬೈಲಿನಲ್ಲಿ ವಿಡಿಯೊ ನೋಡಿ ನೋಡಿ, ಕಂಪ್ಯೂಟರಿನಲ್ಲಿ ನಾವು ಟೈಪು ಮಾಡುವ ಎಡಿಟರ್ ತಂತ್ರಾಂಶಕ್ಕೆ ತಾವೇ ಒಂದು ಸ್ಕ್ರಿಪ್ಟು, ಅಂದರೆ ಪುಟ್ಟ ಪ್ರೋಗ್ರಾಮು, ಬರೆದರು. ಒಂದೆರಡು ಅಕ್ಷರ ಹೊಡೆದರೆ ಇಡೀ ಪ್ಯಾರಾ ತಾನಾಗಿ ಮೂಡಬೇಕು. ಮೊದಲ ದಿನವೇ ಎಡವಟ್ಟು. ಮಾರಾಟದ ಪ್ಯಾರಾಕ್ಕೆ ‘ಮಾ’ ಎಂದು ಗುರುತಿಟ್ಟಿದ್ದರು. ಮಾಳಪ್ಪ ಎಂಬ ಕುರಿಗಾರ ಅಜ್ಜನ ಹೆಸರು ಹೊಡೆಯಲು ಹೋದರೆ, ಎರಡನೇ ಅಕ್ಷರಕ್ಕೂ ಮೊದಲೇ ಮಾರಾಟದ ಸಾಲುಗಳೆಲ್ಲ ಬಂದು ಕೂತವು.

"ಸಾಲ್ಯಾಗ ಮೊಮ್ಮಗನ ಹೆಸರ ಹಚ್ಚಾಕ ಬಂದೇನ್ರಿ. ಹೊಲಾ ಯಾಕ ಮಾರಾಕತ್ತೀರಿ?" ಎಂದ ಪರದೆಯತ್ತ ಬಗ್ಗಿದ ಅಜ್ಜ.

ಅಕ್ಕಾರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಗುರುತಿನ ಮುಂದೆ ಒಂದು ಚುಕ್ಕಿ ಸೇರಿಸಿದ ಮೇಲೆ ಸರಿಹೋಯಿತು.

ದಿನದ ಕೆಲಸ ಅರ್ಧ ದಿನಕ್ಕೆ ಮುಗಿಯತೊಡಗಿತು. ಮಾಲೀಕರು ಮೊದಲು ಹಿಗ್ಗಿದರು, ಆಮೇಲೆ ಲೆಕ್ಕ ಹಾಕಿದರು. "ಇನ್ನ ಒಬ್ಬರಾದ್ರ ಸಾಕಲ್ಲ," ಎಂದರು. ಅಕ್ಕಾರು ಸೆರಗಿನೊಳಗಿಂದ ಕೈ ತೆಗೆದು ಅವರ ಮುಂದೆ ಚಾಚಿದರು.

"ಈಕಿನ್ನ ಇಟ್ಕೋರಿ. ಈಕಿ ಬೆರಳು ಛಲೋ ಅದಾವ."

ಅಕ್ಕಾರು ಅನಗವಾಡಿಯ ತಂಗಿಯ ಮನೆ ಸೇರಿದರು. ಹೋಗುತ್ತೇನೆ, ನೋಡಿ ಬರುತ್ತೇನೆ ಎಂದುಕೊಳ್ಳುತ್ತಲೇ ಇದ್ದೆ... ಹೋದ ವರ್ಷ ತೀರಿಕೊಂಡರೆಂದು ಸುದ್ದಿ ಬಂತು.

ಅವರ ಕೈ ಉಳಿಸಲೆಂದು ಹುಟ್ಟಿದ ಸ್ಕ್ರಿಪ್ಟು ಈಗ ನನ್ನ ಗಟ್ಟಿ ಬೆರಳುಗಳ ಶ್ರಮ ಉಳಿಸುತ್ತಿದೆ. ಇವತ್ತೂ ಮಧ್ಯಾಹ್ನದೊಳಗೆ ಕೆಲಸ ಮುಗಿಯಿತು. ಅವರ ಕುರ್ಚಿಯನ್ನು ಮಾಲೀಕರು ಗಿರಾಕಿಗಳಿಗೆಂದು ಹೊರಗಿಟ್ಟಿದ್ದಾರೆ. ಬುತ್ತಿ ಬಿಚ್ಚಿದೆ. ಒಬ್ಬಳೇ ಉಣ್ಣುವುದು ನನಗಿನ್ನೂ ರೂಢಿಯಾಗಿಲ್ಲ.