ಲೀಸೆಲಮ್ಮನ ಗ್ಯಾರೇಜಿನ ಮಡಕೆ ಚೂರುಗಳು

ಬಾಡಿಗೆಗೆ ಮನೆ ನೋಡಲು ಹೋದ ದಿನ ಮನೆಯ ಯಜಮಾನಿ ಅಜ್ಜಿ ನಮಗೆ ಮೊದಲು ತೋರಿಸಿದ್ದು ಅಡುಗೆಮನೆಯನ್ನಲ್ಲ, ಬಚ್ಚಲನ್ನೂ ಅಲ್ಲ. ಗ್ಯಾರೇಜಿನ ತುಂಬ ಜೋಡಿಸಿಟ್ಟ ಒಡೆದ ಮಡಕೆ ಚೂರುಗಳನ್ನು. ಕಾರು ನಿಲ್ಲಬೇಕಾದಲ್ಲಿ ಮರದ ತಟ್ಟೆಗಳು, ತಟ್ಟೆಯೊಳಗೆ ಚೂರುಗಳು, ಮದುವೆಯ ಒಡವೆಯ ಹಾಗೆ ಒಂದೊಂದಕ್ಕೂ ಅದರದೇ ಜಾಗ. "ಕೆಳಗಿನ ಅಂತಸ್ತೆಲ್ಲ ನಿಮ್ದು. ಇದ್ರಲ್ಲಿ ಮಾತ್ರ ಒಂದು ಚೂರನ್ನೂ ಬಿಸಾಡಬಾರ್ದು" ಎಂದರು. ಅವರ ಇಂಗ್ಲಿಷನ್ನು ನಮ್ಮ ಮಾತಿಗೆ ತಿರುಗಿಸಿ ಬರೆಯುತ್ತಿದ್ದೇನೆ.

ಕುಂದಾಪುರದಲ್ಲಿ ಹದಿನೈದು ವರ್ಷ ಪಾತ್ರೆ ಅಂಗಡಿ ನಡೆಸಿದವಳು ನಾನು. ಹಳೆ ಸೀರೆಗೆ ಸ್ಟೀಲ್ ಡಬ್ಬಿ ಕೊಡುತ್ತ ಮನೆಮನೆ ತಿರುಗಿ, ಕೊನೆಗೆ ಸ್ವಂತ ಬಾಗಿಲು ತೆರೆದವಳು. ಒಡೆದ ಹಿತ್ತಾಳೆಗೆ ತೂಕದ ಬೆಲೆಯಾದರೂ ಇದೆ; ಒಡೆದ ಮಡಕೆಗೆ ಏನಿದೆ? ಇವರಿಗೆ ತಲೆ ಸರಿಯಿಲ್ಲವೆಂದು ತೀರ್ಮಾನಿಸಿ, ಅದೇ ಧೈರ್ಯದಲ್ಲಿ ಬಾಡಿಗೆ ಇಳಿಸಲು ಕೇಳಿದೆ. ಗಂಡ ನನ್ನ ಸೆರಗು ಜಗ್ಗಿದರು. ಅಜ್ಜಿ ಬಿದ್ದು ಬಿದ್ದು ನಕ್ಕರು.

"ನಾನು ಗುದ್ದಲಿಯಿಂದ ಬ್ರೆಡ್ಡಿನ ತನಕ ಚೌಕಾಸಿ ಮಾಡಿ ಉತ್ಖನನ ನಡೆಸಿದೋಳು. ಬಾಡಿಗೆ ಇಳಿಸಲ್ಲ. ಹಿತ್ತಲು ಬೇಕಾದ್ರೆ ತಗೋ."

ನೀವೂ ಇಲ್ಲಿಗೆ ಬರುವವರಿದ್ದರೆ ನನ್ನ ಮಾತು ಕೇಳಿ: ಅಮೆರಿಕದಲ್ಲಿ ಚೌಕಾಸಿ ನಡೆಯುವುದಿಲ್ಲ ಎನ್ನುವವರನ್ನು ನಂಬಬೇಡಿ. ಬೆಲೆ ಇಳಿಯದಿದ್ದರೆ ಜೊತೆಗೆ ಇನ್ನೇನು ಸಿಗುತ್ತದೆಂದು ಕೇಳಿ. ನನಗೆ ಹಿತ್ತಲು ಸಿಕ್ಕಿತು. ಹರಿವೆ ಬಂತು. ಬಸಳೆ ಮಾತ್ರ ಸಿಯಾಟಲ್ ಚಳಿಗೆ ಒಂದು ಗೇಣೂ ಏಳಲಿಲ್ಲ.

ಅದು 2013. ಮನೆ ಸಿಯಾಟಲ್ ಪಕ್ಕದ ಈಸ್ಟ್‌ಗೇಟ್‌ನಲ್ಲಿ, ಗಂಡನ ಕಚೇರಿ ಹೆದ್ದಾರಿಯ ಆ ತುದಿಗೆ, ಇಸ್ಸಾಕ್ವಾದಲ್ಲಿ. ಅವರು ಹೊರಟರೆ ನನಗೆ ಇಡೀ ದಿನ ಖಾಲಿ. ನನ್ನ ವೀಸಾದಲ್ಲಿ ದುಡಿಯುವಂತಿಲ್ಲ. ಊರಿನಲ್ಲಿ ಗಿರಾಕಿಗಳ ನಡುವೆ ಕೂತು ಉಣ್ಣಲು ಪುರುಸೊತ್ತಿರಲಿಲ್ಲ. ಇಲ್ಲಿ ಉಂಡ ತಟ್ಟೆಯನ್ನೇ ಎರಡು ಸಲ ತೊಳೆಯುತ್ತಿದ್ದೆ. ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಹಿತ್ತಲಿಗೆ. ಕೈ ಸುಮ್ಮನಿರುವುದು ಎಂಥ ಕಾಯಿಲೆಯೆಂದು ಆಗ ಗೊತ್ತಾಯಿತು.

ಹಾಗೆ ಮೇಲಿನ ಅಂತಸ್ತಿಗೆ, ಅಜ್ಜಿಯ ಜೊತೆ ಚಹಾಕ್ಕೆ ಹೋಗತೊಡಗಿದೆ. ಇಲ್ಲಿ ಎಂಬತ್ತು ದಾಟಿದವರನ್ನೂ ಬರೀ ಹೆಸರಿಂದ ಕರೆಯುತ್ತಾರೆ. ನನ್ನ ನಾಲಗೆ ಏಳಲಿಲ್ಲ. ಲೀಸೆಲ್ ಎಂಬ ಹೆಸರಿಗೆ 'ಅಮ್ಮ' ಅಂಟಿಸಿ ಲೀಸೆಲಮ್ಮ ಎಂದೆ. ಅವರ ಕತೆ ತುಂಡು ತುಂಡಾಗಿ ಹೊರಬಂತು. ಜರ್ಮನಿಯಲ್ಲಿ ಯುದ್ಧ ಮುಗಿದ ಮೇಲಿನ ವರ್ಷಗಳಲ್ಲಿ ಪ್ರಾಕ್ತನ ಶಾಸ್ತ್ರ ಓದಲು ಹೋದ ಹುಡುಗಿಗೆ ಪ್ರೊಫೆಸರರು ಹೇಳಿದರಂತೆ: ಅಗೆಯುವುದು ಗಂಡಸರ ಕೆಲಸ, ನೀನು ಚೂರುಗಳ ಚಿತ್ರ ಬರೆ. ಮೂರು ವರ್ಷ ಬರೆದರು. ಆಮೇಲೆ ಒಂದು ನದಿಗೆ ಅಣೆಕಟ್ಟು ಬರುವುದಿತ್ತು. ನೀರು ತುಂಬುವ ಮೊದಲು ದಡದ ಹಳೆಯ ದಿಬ್ಬವನ್ನು ಅಗೆದು ಮುಗಿಸಬೇಕು. ಆತುರದ ಕೆಲಸ, ಯಾವ ಗಂಡಸಿಗೂ ಬೇಡವಾಗಿತ್ತು. ಹಾಗೆ ಅವರ ವಿಶ್ವವಿದ್ಯಾಲಯದಿಂದ ಉತ್ಖನನ ನಡೆಸಿದ ಮೊದಲ ಹೆಂಗಸಾದರು.

"ಕೆಲಸದೋರು ನಿಮ್ಮ ಮಾತು ಕೇಳಿದ್ರಾ?"

"ಮೊದಲ್ನೇ ದಿನ ಯಾರೂ ಗುಂಡಿಗೆ ಇಳೀಲಿಲ್ಲ. ನಾನೇ ಇಳಿದು ಮಧ್ಯಾಹ್ನದ ತನಕ ಒಬ್ಳೇ ಅಗೆದೆ. ಊಟ ಆದ್ಮೇಲೆ ನಾಚ್ಕೊಂಡು ಬಂದ್ರು."

ವರದಿ ಪ್ರೊಫೆಸರರ ಹೆಸರಲ್ಲಿ ಅರ್ಧವೇ ಅಚ್ಚಾಯಿತು. ಇವರ ಹೆಸರು ಕೊನೆಯ ಪುಟದ ಕೃತಜ್ಞತೆಯಲ್ಲಿ. ಅಮೆರಿಕದ ಎಂಜಿನಿಯರನನ್ನು ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಸಂಜೆ ಕಾಲೇಜಿನ ಪಾಠ ಬಿಟ್ಟು ಬೇರೆ ಹುದ್ದೆ ಸಿಗಲಿಲ್ಲ. ಈಗ ಅಲ್ಲಿನ ಪುಟ್ಟ ಮ್ಯೂಸಿಯಂ ಉಳಿದ ಚೂರುಗಳನ್ನು ಅಧ್ಯಯನಕ್ಕೆಂದು ಈ ಗ್ಯಾರೇಜಿಗೆ ಕಳಿಸಿಕೊಟ್ಟಿತ್ತು. ಮುಂದಿನ ವಸಂತದೊಳಗೆ ವರದಿ ಮುಗಿಸಿ, ಚೂರುಗಳನ್ನು ಹಿಂದಿರುಗಿಸಿದರೆ ಪುಸ್ತಕ ಅವರ ಹೆಸರಿನಲ್ಲೇ ಬರುತ್ತದೆ. ಕಣ್ಣು ಮಂಜಾಗುತ್ತಿತ್ತು. ಇದೇ ಕೊನೆಯ ಅವಕಾಶವೆಂದು ಇಬ್ಬರಿಗೂ ಗೊತ್ತಿತ್ತು.

ಚೌತಿಗೆ ನಾಲ್ಕು ದಿನವಿರುವಾಗ ಅವರು ಕಣ್ಣಿನ ಪೊರೆ ತೆಗೆಸಲು ಹೋಗಿ ಗೆಳತಿಯ ಮನೆಯಲ್ಲಿ ಎರಡು ದಿನ ಉಳಿದರು. ಹಬ್ಬದ ಮುಂಚೆ ನಮ್ಮಲ್ಲಿ ಪಾತ್ರೆ ಬೆಳಗದ ಮನೆಯುಂಟೇ? ನನ್ನವು ಮುಗಿದವು. ಕೈ ಇನ್ನೂ ತುರಿಸುತ್ತಿತ್ತು. ಬಿಸಾಡಬಾರದು ಎಂದಿದ್ದಾರೆ, ತೊಳೆಯಬಾರದು ಎಂದಿಲ್ಲವಲ್ಲ! ಒಂದು ತಟ್ಟೆಯ ಚೂರುಗಳನ್ನೆಲ್ಲ ಹುಣಸೆಹುಳಿ ಹಚ್ಚಿ, ತೆಂಗಿನ ನಾರಿನಿಂದ ತಿಕ್ಕಿ, ಬಿಸಿಲಿಗೆ ಒಣಗಿಸಿ, ಅಂಗಡಿಯಲ್ಲಿ ಜೋಡಿಸುವ ಹಾಗೆ ದೊಡ್ಡದರಿಂದ ಸಣ್ಣದಕ್ಕೆ ಸಾಲಾಗಿಟ್ಟೆ. ಒಳಬದಿಯಲ್ಲಿ ಇರುವೆ ಸಾಲಿನಂಥ ಕಪ್ಪು ಗೀಟುಗಳಿದ್ದವು. ಅವೂ ಹೋದವು. ಫಳಫಳ ಎನ್ನಿಸಿತು.

ಸಂಜೆ ಗಂಡ ನೋಡಿ ತಲೆಯ ಮೇಲೆ ಕೈ ಹೊತ್ತರು. "ಎಂತ ಮಾಡ್ದೆ ಮಾರಾಯ್ತಿ! ಅದ್ ಗೀಟಲ್ಲ, ನಂಬರು! ಯಾವ್ ಗುಂಡಿ, ಎಷ್ಟ್ ಆಳ ಅಂತ ಬರ್ದದ್ದ್!"

"ಬೆಳಿಗ್ಗೆ ಹೇಳೂಕಾಗ್ಲಿಲ್ಯಾ ನಿಮ್ಗೆ?"

"ನೀ ಮಡ್ಕಿ ಚೂರ್ ತೊಳೀತೆ ಅಂದೇಳಿ ನಂಗೆಂತ ಕನ್ಸ್ ಬಿದ್ದಿತ್ತಾ?"

ಲೀಸೆಲಮ್ಮ ಕಣ್ಣಿನ ಪಟ್ಟಿಯೊಂದಿಗೆ ಬಂದರು. ಒಂದು ಚೂರು ಎತ್ತಿ ಬೆರಳಾಡಿಸಿದರು, ಮೂಸಿದರು. ಬೈಯಲಿಲ್ಲ. "ಆ ದಿಬ್ಬ ಈಗ ನೀರಿನಡೀಲಿದೆ. ಎಲ್ಲಿ ಸಿಕ್ತು ಅನ್ನೋದು ಹೋದ್ರೆ ಇದು ಬರೀ ಮಣ್ಣು, ಜಲಜಾ" ಎಂದಷ್ಟೇ ಹೇಳಿ ಕುಳಿತುಬಿಟ್ಟರು.

ನನಗೆ ಇದಕ್ಕಿಂತ ನಾಚಿಕೆ ಇನ್ನೊಂದಿರಲಿಲ್ಲ. ಯಾಕೆ ಗೊತ್ತೇ? ಅಂಗಡಿಯಲ್ಲಿ ನಾನು ಪಾತ್ರೆ ಮಾರುವುದಷ್ಟೇ ಅಲ್ಲ, ಪಾತ್ರೆಗೆ ಹೆಸರು ಹಾಕುತ್ತಿದ್ದೆ. ಯಾರದು, ಯಾವ ಊರು, ಯಾರ ಮದುವೆಗೆ ಕೊಟ್ಟದ್ದು. ಸಾವಿರ ಹೆಸರು ಕೊರೆದ ಕೈಯೇ ಇಲ್ಲಿ ಹೆಸರು ಅಳಿಸಿತ್ತು.

"ಬೇರೆ ಎಲ್ಲೂ ಬರ್ಕೊಂಡಿಲ್ವಾ ಲೀಸೆಲಮ್ಮ?" ಎಂದೆ.

ಅವರು ಗೋಡೆ ಹಿಡಿದು ಎದ್ದು ಬೀರುವಿನಿಂದ ಅಗಲವಾದ ಹಳೆಯ ಕಡತಗಳನ್ನು ತೆಗೆದರು. ದಿಬ್ಬ ಅಗೆಯುವಾಗಲೂ ಚಿತ್ರ ಬರೆಯುವ ರೂಢಿ ಅವರನ್ನು ಬಿಟ್ಟಿರಲಿಲ್ಲ. ಪ್ರತಿ ಚೂರೂ ನಿಜವಾದ ಅಳತೆಯಲ್ಲಿ, ಪಕ್ಕದಲ್ಲೇ ನಂಬರು. ಯಾವ ಕೆಲಸ ಕೊಟ್ಟು ಅವರನ್ನು ಮೂಲೆಗೆ ಕೂರಿಸಿದ್ದರೋ ಅದೇ ನಮ್ಮ ಕೈ ಹಿಡಿಯಿತು.

ಪೊರೆ ತೆಗೆಸಿದರೂ ಅವರಿಗೆ ಕಣ್ಣು ಪೂರ್ತಿ ಬರಲಿಲ್ಲ, ನನಗೆ ಶಾಸ್ತ್ರವಿರಲಿಲ್ಲ. ಆದರೆ ಪಾತ್ರೆ ಗೊತ್ತಿತ್ತು. ಕಂಠದ ತುಣುಕು ಹಿಡಿದರೆ ಬಾಯಿ ಎಷ್ಟು ಅಗಲ, ನೀರಿನದೋ ಅಡುಗೆಯದೋ ಎಂದು ಕೈಗೆ ತಿಳಿಯುತ್ತಿತ್ತು. ದೀಪಾವಳಿ ಹೋಯಿತು, ಹಿಮ ಬಿತ್ತು, ನಾವು ಚೂರನ್ನು ಚಿತ್ರದ ಮೇಲಿಟ್ಟು ತಿರುಗಿಸುತ್ತಲೇ ಇದ್ದೆವು. "ಇದು ಮಗುಚಿ ಇಟ್ಟಿದೀಯ." "ಅಲ್ಲ ಲೀಸೆಲಮ್ಮ, ನಿಮ್ಮ ಚಿತ್ರವೇ ಮಗುಚಿದೆ, ಇದು ಮುಚ್ಚಳ!" ಎರಡು ದಿನ ಜಗಳವಾಯಿತು. ಮೂರನೇ ದಿನ ಅವರು ಪೆನ್ಸಿಲಿನಲ್ಲಿ 'ಮುಚ್ಚಳ' ಎಂದು ತಿದ್ದಿದರು. ಈ ದೇಶದಲ್ಲಿ ನಾನು ಗೆದ್ದ ಮೊದಲ ವ್ಯಾಪಾರ ಅದು.

ಹನ್ನೊಂದು ಚೂರು ಯಾವ ಚಿತ್ರಕ್ಕೂ ಕೂರಲಿಲ್ಲ. ಹೇಗಾದರೂ ಹೊಂದಿಸಿಬಿಡೋಣ, ಯಾರಿಗೆ ಗೊತ್ತಾಗುತ್ತದೆ ಎಂದೆ. ಆಗ ಮಾತ್ರ ಗದರಿದರು. 'ಆ ದಿಬ್ಬದ್ದೇ, ಜಾಗ ತಿಳಿಯದು' ಎಂದು ಬರೆದು ಬೇರೆ ಪೆಟ್ಟಿಗೆಯಲ್ಲಿಟ್ಟರು. ವಸಂತದಲ್ಲಿ ಎಲ್ಲ ಜರ್ಮನಿಗೆ ಹೋಯಿತು. ಪುಸ್ತಕ ಬಂದಾಗ ಲೀಸೆಲಮ್ಮ ಮುಖಪುಟದ ಹೆಸರಿನ ಮೇಲೆ ಬೆರಳಾಡಿಸಿದರು, ಚೂರಿನ ಮೇಲೆ ಆಡಿಸಿದ ಹಾಗೆಯೇ. "ಚೂರುಗಳ ಜೊತೆ ನೀವೂ ಊರಿಗೆ ಹೋಗ್ಬೇಕಿತ್ತು" ಎಂದೆ. "ಯಾವ ಊರಿಗೆ? ನೀರಿಗಾ?" ಎಂದು ನಕ್ಕರು.

ಅದೇ ಬೇಸಿಗೆ ಎವರೆಟ್ ಎಂಬ ಊರಿನಲ್ಲಿ ಒಂದು ಗ್ಯಾರೇಜ್ ಸೇಲ್. ಬೇಡದ ಸಾಮಾನನ್ನು ಮನೆಮುಂದೆ ಹರಡಿ ಮಾರುವುದಕ್ಕೆ ಇಲ್ಲಿ ಹಾಗೆನ್ನುತ್ತಾರೆ. ನನ್ನಂಥವಳಿಗೆ ಸ್ವರ್ಗ. ಚೌಕಾಸಿ ಮಾಡಿ ದೊಡ್ಡ ಸ್ಟೀಲ್ ಪಾತ್ರೆ ತಂದೆ. ಕನ್ನಡದವರ ಪಾಟ್‌ಲಕ್‌ನಲ್ಲಿ, ಅಂದರೆ ಮನೆಗೊಂದು ಅಡುಗೆ ಮಾಡಿ ತರುವ ಕೂಟದಲ್ಲಿ, ಪಾತ್ರೆ ಅದಲುಬದಲಾಗುತ್ತದೆ. ಹೆಸರು ಹಾಕದೆ ಒಯ್ಯಬೇಡಿ. ಊರಿಂದ ತಂದ ಸಣ್ಣ ಉಳಿ ತೆಗೆದು 'ಜಲಜ' ಎಂದು ಚುಕ್ಕಿ ಚುಕ್ಕಿಯಾಗಿ ಹೊಡೆದೆ. ಮುಂದೆ ಊರು ಹಾಕಬೇಕು. ಉಳಿ ನಿಂತಿತು.

ಲೀಸೆಲಮ್ಮ ಭೂತಗನ್ನಡಿ ಹಿಡಿದು ನೋಡುತ್ತಿದ್ದರು. "ಯಾಕೆ ನಿಲ್ಲಿಸ್ದೆ?"

"ಊರು ಯಾವ್ದು ಅಂತ ಹಾಕ್ಲಿ?"

"ನಮ್ಮ ಚೂರುಗಳ ಪಟ್ಟೀಲಿ ಅದಕ್ಕೆ ಎರಡು ಕಾಲಂ. ಮಾಡಿದ್ದೆಲ್ಲಿ, ಸಿಕ್ಕಿದ್ದೆಲ್ಲಿ. ಎರಡೂ ಬೇರೆ ಬೇರೆ ಇದ್ರೆ ತಪ್ಪೇನಿಲ್ಲ."

"ಸೇರ್ಬೇಕಾದ್ದೆಲ್ಲಿ ಅನ್ನೋದಕ್ಕೆ?"

"ಆ ಕಾಲಂ ಇಲ್ಲ. ಇದ್ದಿದ್ರೆ ಮೊದ್ಲು ನಾನೇ ತುಂಬ್ತಿದ್ದೆ."

ಕುಂದಾಪುರ ಎಂದು ಹೊಡೆದೆ. ಅದರ ಕೆಳಗೆ ಇನ್ನೊಂದು ಊರು ಹಿಡಿಯುವಷ್ಟು ಜಾಗ ಬಿಟ್ಟೆ. ಆ ಪಾತ್ರೆ ಮೂರು ಪಾಟ್‌ಲಕ್‌ಗೆ ಹೋಗಿ, ತಪ್ಪದೆ ಮನೆಗೆ ಬಂದಿದೆ. ಉಳಿ ಅಡುಗೆಮನೆಯ ಡ್ರಾಯರಿನಲ್ಲೇ ಇದೆ. ದಿನಕ್ಕೊಮ್ಮೆ ಡ್ರಾಯರು ಎಳೆಯುತ್ತೇನೆ, ಮುಚ್ಚುತ್ತೇನೆ.