ಮಗನ ಕಣ್ಣಿನ ಅಳತೆ

ಹೋದ ವಾರ, ನಾವೀಗ ಇರುವ ಊರು ಸ್ಕೋಕಿಯಲ್ಲಿ ಮೊದಲ ಹಿಮ ಬಿತ್ತು. ಬೇಸ್‌ಮೆಂಟಿನಲ್ಲಿ ವರ್ಷಗಳಿಂದ ಮಡಚಿಟ್ಟಿದ್ದ ದಪ್ಪ ಜಾಕೆಟ್ ತಂದು ಕೊಡವಿದಾಗ ಒಳಜೇಬಿನಲ್ಲಿ ಏನೋ ಗಟ್ಟಿಯಾಗಿ ಕೈಗೆ ಸಿಕ್ಕಿತು. ತೆಗೆದು ನೋಡಿದರೆ ಹಳೆಯ ಹ್ಯಾಂಡ್ ವಾರ್ಮರ್. ಅಲ್ಲಾಡಿಸಿದರೆ ತಾನೇ ಬಿಸಿಯಾಗುವ ಪುಟ್ಟ ಚೀಲ ಅದು. ಅರ್ಧ ದಿನ ಕೈ ಬೆಚ್ಚಗಿಡುತ್ತದೆ, ಆಮೇಲೆ ಒಳಗಿನ ಪುಡಿ ಕಲ್ಲಾಗುತ್ತದೆ. ಮೂಗಿನ ಹತ್ತಿರ ಹಿಡಿದೆ. ತೊಳೆದು ಒರೆಸದೆ ಬಿಟ್ಟ ಕಬ್ಬಿಣದ ಕಾವಲಿಯ ವಾಸನೆ... ಅದನ್ನು ನನ್ನ ಜೇಬಿಗೆ ತುರುಕಿದವರು, ನಾವು ಡೆಟ್ರಾಯಿಟ್ ಹತ್ತಿರದ ಲಿವೋನಿಯಾದಲ್ಲಿದ್ದಾಗ ಪಕ್ಕದ ಮನೆಯಲ್ಲಿದ್ದ ಆಂಟಿ.

ಧಾರವಾಡದ ಕಡೆಯವರು. ಸೌತ್‌ಫೀಲ್ಡ್‌ನ ಒಂದು ಲ್ಯಾಬಿನಲ್ಲಿ ಪ್ಯಾಥಾಲಜಿಸ್ಟ್ ಆಗಿದ್ದು ನಿವೃತ್ತರಾಗಿದ್ದರು. ಆಯುಷ್ಯದ ಬಹುಪಾಲು ಮೈಕ್ರೋಸ್ಕೋಪಿಗೆ ಕಣ್ಣಿಟ್ಟೇ ಕಳೆದ ಹೆಂಗಸು. ಗಂಡ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಒಬ್ಬನೇ ಮಗ, ಮೂವತ್ತು ದಾಟಿದವನು, ಇಂಜಿನಿಯರ್, ಅಮ್ಮನ ಜೊತೆಯಲ್ಲೇ ಇದ್ದ. ಅಮ್ಮ ಕನ್ನಡದಲ್ಲಿ ಬೈಯುತ್ತಿದ್ದರು, ಮಗ ಇಂಗ್ಲಿಷಿನಲ್ಲಿ ತಿರುಗಿ ಹೇಳುತ್ತಿದ್ದ. ಬೇಸಿಗೆಯಲ್ಲಿ ಕಿಟಕಿ ತೆರೆದಿದ್ದರೆ ಎರಡೂ ಕಡೆಯ ವಾದ ನಮಗೆ ಪೂರ್ತಿ ಕೇಳಿಸುತ್ತಿತ್ತು. ನಾವು ಮೈಸೂರಿನವರು. ನಮ್ಮ ಸಾರು ಅವರ ಬಾಯಿಗೆ ಪಾಯಸ, ಅವರ ಚಟ್ನಿಪುಡಿ ನಮಗೆ ಬೆಂಕಿ. ಆದರೂ ಎರಡು ಮನೆಯ ನಡುವಿನ ಡ್ರೈವ್‌ವೇಯಲ್ಲಿ ಡಬ್ಬಿಗಳ ಓಡಾಟ ನಿಂತದ್ದಿಲ್ಲ.

ಮಗನಿಗೆ ಕ್ಯಾಮೆರಾದ ಹುಚ್ಚು. ಅದರಲ್ಲೂ ಹಿಮದ ಹುಚ್ಚು. ಪ್ರತಿ ಮಾರ್ಚಿನಲ್ಲಿ ಅಲಾಸ್ಕಾಕ್ಕೆ ಹಾರಿ, ಆರ್ಕ್ಟಿಕ್ ವೃತ್ತ ದಾಟಿ, ಗೈಡ್ ಒಬ್ಬನ ಹಿಂದೆ ಕಾಡಿನಲ್ಲಿ ನಡೆದು, ಹಿಮ ಹೊತ್ತ ಮರಗಳ ಫೋಟೊ ತೆಗೆದುಕೊಂಡು ಬರುತ್ತಿದ್ದ. ಪ್ರತಿ ಸಲವೂ ಅಮ್ಮನನ್ನು ಕರೆಯುತ್ತಿದ್ದ. "ಇಲ್ಲಿ ಚಳಿ ಸಾಲಲಿಲ್ಲಂತ ಚಳೀನ ಹುಡಿಕ್ಕೊಂಡು ಹೋಗೂದೇನು?" ಎಂದು ಆಂಟಿ ತಳ್ಳಿಹಾಕುತ್ತಿದ್ದರು. ಅವನು ತಂದ ಫೋಟೊ ನೋಡಿ, "ಮರದ ಫೋಟೊ ಯಾಕ ಇಷ್ಟು? ಕನ್ಯಾ ನೋಡಲಿಕ್ಕೆ ಕಳಸ್ತೀಯೇನು ಇವನ್ನ?" ಎಂದು ನನ್ನೆದುರೇ ಹಂಗಿಸುತ್ತಿದ್ದರು. ಮದುವೆಯಾಗದ ಮಗ ನಗುತ್ತಿದ್ದ.

ಆಯುಧಪೂಜೆಯ ದಿನ ಮಾತ್ರ ಆ ಕ್ಯಾಮೆರಾ ಆಂಟಿಯ ವಶ. ಕಾರು, ಮಿಕ್ಸಿ, ಮನೆಗೆ ತಂದಿಟ್ಟುಕೊಂಡಿದ್ದ ಹಳೆಯ ಮೈಕ್ರೋಸ್ಕೋಪು, ಎಲ್ಲಕ್ಕೂ ಅರಿಶಿನ ಕುಂಕುಮ. ಮಗನ ಕ್ಯಾಮೆರಾಕ್ಕೆ ಒಂದು ಚಿಟಿಕೆ ಜಾಸ್ತಿ. ಅವನು ಮರುದಿನ ಗೊಣಗುತ್ತ ಬ್ರಷ್ ಹಿಡಿದು ಆ ಪುಡಿಯನ್ನೆಲ್ಲ ತೆಗೆಯುತ್ತಿದ್ದ. ಪೂರ್ತಿ ಎಂದೂ ಹೋಗುತ್ತಿರಲಿಲ್ಲ.

ಆ ವರ್ಷ ಪೂಜೆಯ ದಿನವೇ ಆಂಟಿ ಇದ್ದಕ್ಕಿದ್ದಂತೆ "ಆತು, ಈ ಸಲ ನಾನೂ ಬರ್ತೀನಿ" ಎಂದರು. ಮೊಣಕಾಲು ಇನ್ನೂ ನಡೆಯುವಾಗ ಹೋಗಿಬಿಡೋಣ ಅನ್ನಿಸಿತಂತೆ. ಮಗ ಅಂದೇ ಇಬ್ಬರಿಗೂ ಹೈಕ್ ಬುಕ್ ಮಾಡಿದ. ಅಮ್ಮನಿಗೆ ಮೊಣಕಾಲುದ್ದದ ಬೂಟು ತಂದ. ಅವರು ಸೀರೆಯ ಮೇಲೆ ಆ ಬೂಟು ಹಾಕಿಕೊಂಡು ನಮ್ಮ ಮನೆಗೆ ತೋರಿಸಲು ಬಂದದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಜನವರಿಯ ಒಂದು ಬೆಳಿಗ್ಗೆ ಅವನು ಕೆಲಸಕ್ಕೆ ಹೊರಟಿದ್ದ. ಫ್ರೀವೇಯಲ್ಲಿ ಬ್ಲ್ಯಾಕ್ ಐಸ್ ಇತ್ತು, ರಸ್ತೆಯ ಬಣ್ಣದಲ್ಲೇ ಇದ್ದು ಕಣ್ಣಿಗೆ ಕಾಣದ ಮಂಜುಗಡ್ಡೆ. ಎಕ್ಸಿಟ್ ಹತ್ತಿರ ಕಾರು ತಿರುಗಿತು... ಅದಕ್ಕಿಂತ ಹೆಚ್ಚು ಬರೆಯಲು ನನಗೆ ಮನಸ್ಸಿಲ್ಲ. ಹಿಮಕ್ಕಾಗಿ ಸಾವಿರಾರು ಮೈಲಿ ಹೋಗಿ ಬಂದವನನ್ನು ಮನೆಯಿಂದ ಹತ್ತು ಮೈಲಿಯೊಳಗಿನ ಮಂಜು ತೆಗೆದುಕೊಂಡಿತು. ದೇವರ ಮೇಲೆ ನನಗೆ ಆ ದಿನ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಫೆಬ್ರವರಿ ಮುಗಿಯುವ ಹೊತ್ತಿಗೆ ಆಂಟಿ ನನ್ನನ್ನು ಅಡುಗೆಮನೆಗೆ ಕರೆದು ಕೂರಿಸಿದರು. "ಮಾರ್ಚಿಗೆ ನಾ ಹೊಂಟೀನಿ. ಅವನ ಜಾಗಾ ಖಾಲಿ ಅದ. ನೀ ಬರ್ತೀಯೇನವಾ?" ಎಂದರು. ಅಲಾಸ್ಕಾ ಇದೇ ದೇಶದೊಳಗೆ ಇದ್ದದ್ದರಿಂದ ನನಗೆ ಸಾಧ್ಯವಿತ್ತು. ಗಡಿ ದಾಟುವುದಾಗಿದ್ದರೆ ಮರಳಿ ಬರಲು ವೀಸಾ ಸ್ಟ್ಯಾಂಪಿಂಗಿನ ತಲೆನೋವು. "ನಿಮ್ಮಿಬ್ಬರಿಗೂ ತಲೆ ಕೆಟ್ಟಿದೆ" ಎಂದರು ನನ್ನ ಯಜಮಾನರು. ನಾನು ಹೂಂ ಎಂದೆ.

ಅಂದೇ ಅವರು ಕ್ಯಾಮೆರಾ ತಂದು ನನ್ನ ಕೈಗಿತ್ತು, ನೋಡು ಎಂದರು. ಕಣ್ಣಿಟ್ಟೆ. ಎಲ್ಲವೂ ಮಬ್ಬು. ಕಿಟಕಿಯಾಚೆಯ ಮೇಪಲ್ ಮರ ಒಂದು ಕಂದು ಕಲೆ, ಅಷ್ಟೇ. ಕಣ್ಣಿಡುವ ಗಾಜಿನ ಪಕ್ಕದಲ್ಲಿ ಉದ್ದಿನಬೇಳೆಯಷ್ಟು ಪುಟ್ಟ, ಹಲ್ಲುಹಲ್ಲಿನ ಚಕ್ರವೊಂದಿತ್ತು. ನನ್ನ ಬೆರಳು ಅತ್ತ ಹೋಗುತ್ತಿದ್ದಂತೆ ಆಂಟಿ ನನ್ನ ಮಣಿಕಟ್ಟು ಹಿಡಿದರು.

"ಮುಟ್ಟಬ್ಯಾಡ. ಅಂವ ಚಷ್ಮಾ ತಗದು ಇದರಾಗ ನೋಡ್ತಿದ್ದ. ಇದು ಅವನ ಕಣ್ಣಿಗೆ ಹೊಂದಿಸಿದ್ದು."

ಆಮೇಲೆ ಉಗುರಿನಿಂದ ತೋರಿಸಿದರು. ಚಕ್ರದ ಹಲ್ಲುಗಳ ಸಂದಿನಿಂದ ಪಕ್ಕದ ಕಪ್ಪು ಮೈಯವರೆಗೆ, ಅವನ ಬ್ರಷ್‌ಗೆ ಸಿಗದೆ ಉಳಿದ ಕುಂಕುಮದ ಒಂದು ಸಣ್ಣ ಗೆರೆ. ಗೆರೆ ಎಲ್ಲೂ ತುಂಡಾಗಿರಲಿಲ್ಲ. ಅಂದರೆ ಪೂಜೆಯಾದ ಮೇಲೆ ಆ ಚಕ್ರವನ್ನು ಯಾರೂ ತಿರುಗಿಸಿಲ್ಲ. ಲ್ಯಾಬಿನಲ್ಲಿ ಬೇರೆಯವರು ಕೂತೆದ್ದ ಮೈಕ್ರೋಸ್ಕೋಪಿಗೆ ತಾವು ಕೂತರೆ ಮೊದಲು ಮಾಡುತ್ತಿದ್ದುದೇ ಅದರಲ್ಲಿನ ಇಂಥದೇ ಚಕ್ರವನ್ನು ತಮ್ಮ ಕಣ್ಣಿಗೆ ತಿರುಗಿಸಿಕೊಳ್ಳುವುದಂತೆ. ಮಂದಿಯ ಕಣ್ಣಿನ ಅಳತೆಯನ್ನು ದಿನಾ ಅಳಿಸಿದ ಕೈ ಇದು ಎಂದು ತಮ್ಮ ಕೈಯನ್ನೇ ನೋಡಿಕೊಂಡರು. ಅವನ ಬಟ್ಟೆ, ಅವನ ಚಾದರ ಎಲ್ಲ ಮನೆಯಲ್ಲಿದ್ದವು. ಆದರೆ ಅವನು ನೋಡುತ್ತಿದ್ದ ರೀತಿ ಉಳಿದಿದ್ದು ಅಲ್ಲೊಂದೇ ಕಡೆ.

ಆರ್ಕ್ಟಿಕ್ ಕಾಡು ನಾನು ಅಂದುಕೊಂಡಷ್ಟು ದಟ್ಟವಾಗಿರಲಿಲ್ಲ. ಸಣಕಲು ಸ್ಪ್ರೂಸ್ ಮರಗಳು, ಹಿಮದ ಭಾರಕ್ಕೆ ಬಾಗಿ, ಸೆರಗು ಹೊದ್ದು ಕೂತ ಹೆಂಗಸರ ಹಾಗೆ ಕಾಣುತ್ತಿದ್ದವು. ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ, ಅದೂ ಫ್ಯಾರನ್‌ಹೀಟಿನಲ್ಲಿ. ಮೂಗಿನೊಳಗಿನ ಕೂದಲು ಮುಳ್ಳಿನಂತೆ ಚುಚ್ಚುತ್ತಿತ್ತು. ನಾವಿಬ್ಬರು ಮತ್ತು ಗೈಡ್, ಅಷ್ಟೇ ಜನ. ಅವನು ಗಡ್ಡದ ತುಂಬ ಹಿಮ ಕಟ್ಟಿಕೊಂಡ, ಮೆತ್ತಗೆ ಮಾತಾಡುವ ಮನುಷ್ಯ. ಬೂಟಿಗೆ ಅಗಲವಾದ ಹಿಮಪಾದುಕೆ ಕಟ್ಟಿಕೊಟ್ಟು, ಕ್ಯಾಮೆರಾದ ಗಾಜಿನ ಮೇಲೆ ಉಸಿರು ಬಿಡಬೇಡಿ, ಅಲ್ಲೇ ಮಂಜಾಗುತ್ತದೆ ಎಂದು ಎಚ್ಚರಿಸಿದ. ನಾಲ್ಕು ವರ್ಷ ಮಗನನ್ನು ಕರೆದುಕೊಂಡು ನಡೆದವನು ಅವನೇ. ಅಮ್ಮನನ್ನು ಮುಂದಿನ ಸಲ ಕರೆತರುತ್ತೇನೆ ಎಂದು ಮಗ ಪ್ರತಿ ವರ್ಷವೂ ಹೇಳುತ್ತಿದ್ದನೆಂದು ಅವನು ಹೇಳಿದಾಗ, ಆಂಟಿ ತಲೆಯಾಡಿಸಿ ನಡೆಯುವುದನ್ನು ಮುಂದುವರಿಸಿದರು.

ಮಗನಿಗೆ ಪ್ರಿಯವಾಗಿದ್ದ ಜಾಗವೊಂದಕ್ಕೆ ಗೈಡ್ ನಮ್ಮನ್ನು ಕರೆದೊಯ್ದ. ಮರಗಳ ನಡುವೆ ಸ್ವಲ್ಪ ತೆರೆದ ಬಯಲು. ಸಂಜೆಯ ಸೂರ್ಯ ಮರದ ತುದಿಗಿಂತ ಕೆಳಗೆ ಇಳಿದಿದ್ದ. ಹಿಮ ತೆಳು ಗುಲಾಬಿಯಾಗಿತ್ತು. ಆಂಟಿ ಕ್ಯಾಮೆರಾ ಎತ್ತಿ ಕಣ್ಣಿಗಿಟ್ಟುಕೊಂಡು ನಿಂತರು. ಒಂದು ಸಲವೂ ಕ್ಲಿಕ್ ಮಾಡಲಿಲ್ಲ. ಸುಮ್ಮನೆ ನೋಡುತ್ತಲೇ ಇದ್ದರು.

"ಏನ್ ಕಾಣ್ತಿದೆ ಆಂಟಿ?" ಎಂದೆ.

"ಏನೂ ಇಲ್ಲ. ಬೆಳ್ಳಗ, ಒಂದೀಟು ಕೆಂಪಗ..." ಎಂದರು. ಕ್ಯಾಮೆರಾ ಇಳಿಸದೆಯೇ, "ಛಂದ ಅದ" ಎಂದರು.

ಮಗ ತೀರಿಕೊಂಡ ಮೇಲೆ ಅವರ ದನಿ ಅಷ್ಟು ಹಗುರಾದದ್ದನ್ನು ನಾನು ಕೇಳಿರಲಿಲ್ಲ. ನನಗೂ ಸಮಾಧಾನವಾಯಿತು. ಅವರನ್ನು ಅವರಷ್ಟಕ್ಕೆ ಬಿಡೋಣವೆಂದು ಹತ್ತಿಪ್ಪತ್ತು ಹೆಜ್ಜೆ ಆಚೆ ಹೋಗಿ ನನ್ನ ಫೋನಿನಲ್ಲಿ ಮರಗಳ ಚಿತ್ರ ತೆಗೆಯತೊಡಗಿದೆ.

ತಿರುಗಿ ನೋಡಿದಾಗ ಕ್ಯಾಮೆರಾ ಗೈಡ್‌ನ ಕೈಯಲ್ಲಿತ್ತು. ಅಷ್ಟು ಹೊತ್ತು ಕಣ್ಣಿಟ್ಟಿದ್ದರಿಂದ ಅವರ ಉಸಿರೋ ಕಣ್ಣೀರೋ ಗಾಜಿನ ಮೇಲೆ ಹೆಪ್ಪುಗಟ್ಟಿತ್ತು. ಅವರು ಕಣ್ಣು ಒರೆಸಿಕೊಳ್ಳುವಷ್ಟರಲ್ಲಿ ಅವನು ಮೃದುವಾಗಿ ಅದನ್ನು ತೆಗೆದುಕೊಂಡು, ಜೇಬಿನ ಬಟ್ಟೆಯಿಂದ ಗಾಜನ್ನು ಒರೆಸಿದ. ಸುತ್ತಲೂ ಒರೆಸಿದ. ಕಣ್ಣಿಟ್ಟು ನೋಡಿ, ಹೆಬ್ಬೆರಳಿನಿಂದ ಆ ಚಕ್ರ ತಿರುಗಿಸಿದ. ಹಿಮಪಾದುಕೆ ಕಟ್ಟಿದ ಕಾಲಲ್ಲಿ ನಾನು ಓಡಲು ಹೋಗಿ ಮೊಣಕಾಲವರೆಗೆ ಹೂತುಹೋದೆ. ನಾನು ತಲುಪುವ ಹೊತ್ತಿಗೆ ಅವನು ಕ್ಯಾಮೆರಾ ಮರಳಿಸುತ್ತಿದ್ದ. ಏನೋ ಕೆಂಪು ಕೊಳೆ ಅಂಟಿತ್ತು, ತೆಗೆದೆ, ಈಗ ನೋಡಿ, ನಿಮ್ಮ ಮಗ ನೋಡುತ್ತಿದ್ದ ಹಾಗೆಯೇ ಎಲ್ಲ ಸ್ಪಷ್ಟವಾಗಿ ಕಾಣುತ್ತದೆ ಎಂದ. ಅವನ ಮುಖದಲ್ಲಿ ಇದ್ದದ್ದು ಪ್ರೀತಿಯೇ. ಅವನನ್ನು ಬೈಯಲು ಕೂಡ ದೇವರು ನಮಗೆ ಅವಕಾಶ ಕೊಡಲಿಲ್ಲ.

ಆಂಟಿ ಕಣ್ಣಿಟ್ಟು ನೋಡಿದರು. ಪ್ರತಿ ಮರವೂ, ಪ್ರತಿ ಕೊಂಬೆಯೂ ಕಂಡಿರಬೇಕು. ಕ್ಯಾಮೆರಾ ಇಳಿಸಿ ಚಕ್ರದ ಪಕ್ಕ ನೋಡಿದರು. ಅಲ್ಲಿ ಕೆಂಪು ಇರಲಿಲ್ಲ. ಅವನಿಗೆ "ಥ್ಯಾಂಕ್ ಯೂ" ಎಂದರು.

ಅವನು ಮುಂದೆ ಹೋದ ಮೇಲೆ ಅವರು ಕೈಗವಸು ಕಿತ್ತೆಸೆದು, ಬರಿಗೈಯಲ್ಲಿ ಚಕ್ರವನ್ನು ಹಿಂದಕ್ಕೆ ತಿರುಗಿಸತೊಡಗಿದರು. ಒಂದು ಹಲ್ಲು, ಕಣ್ಣಿಡುವುದು. ಇನ್ನೊಂದು ಹಲ್ಲು, ಕಣ್ಣಿಡುವುದು. ಮಬ್ಬಾಗುತ್ತಿತ್ತು, ಆದರೆ ಮಬ್ಬಿನಲ್ಲೂ ಎಷ್ಟು ಬಗೆ... ಬೆರಳ ತುದಿಗಳು ಬಿಳಿಚಿಕೊಂಡವು. "ಸಾಕು ಆಂಟಿ, ಫ್ರಾಸ್ಟ್‌ಬೈಟ್ ಆಗತ್ತೆ, ಬಿಟ್ಬಿಡಿ" ಎಂದು ನಾನೂ ಕೈಗವಸು ತೆಗೆದು ಅವರ ಕೈಗಳನ್ನು ಹಿಡಿದುಕೊಂಡೆ. ಅವರು ನನ್ನನ್ನು ನೋಡಿದರು. "ಸಿಗೂದಿಲ್ಲ" ಎಂದರು. ಆಮೇಲೆ ನನ್ನ ಕೈ ನೋಡಿ, "ಹೆಣದ ಕೈ ಆಗ್ಯಾವ ನಿನ್ನವು" ಎಂದು ತಮ್ಮ ಹ್ಯಾಂಡ್ ವಾರ್ಮರನ್ನು ನನ್ನ ಒಳಜೇಬಿಗೆ ತುರುಕಿದರು. ಆ ಶಬ್ದ ಅವರ ಬಾಯಿಂದ ಬಂದದ್ದು ಕೇಳಿ ನನಗೆ ಅಲ್ಲೇ ಅಳು ಬಂತು. ಅವರು ಅಳಲಿಲ್ಲ.

ವಿಮಾನದಲ್ಲಿ ನನಗೊಂದು ಉಪಾಯ ಹೊಳೆಯಿತು. "ಅವನ ಕನ್ನಡಕದ ನಂಬರ್ ಇದೆಯಲ್ಲ ಆಂಟಿ, ಅದಕ್ಕೆ ಸರಿಯಾಗಿ ಸೆಟ್ ಮಾಡಬಹುದು" ಎಂದೆ. "ಮಾಡಬಹುದು" ಎಂದರು ಅವರು. "ಆದ್ರ ಅದು ನಾ ಇಟ್ಟಂಗ ಆತು. ಅಂವ ಇಟ್ಟಂಗ ಆಗೂದಿಲ್ಲ."

ಅಂದಿನಿಂದ ಆ ಕ್ಯಾಮೆರಾ ಅವರ ಊಟದ ಮೇಜಿನ ಮೇಲೆ ನೆಲೆಸಿತು. ನಾನು ಹೋದಾಗಲೆಲ್ಲ, ಮಾತಿನ ನಡುವೆ ಎತ್ತಿಕೊಂಡು ಒಂದು ಹಲ್ಲು ತಿರುಗಿಸಿ, ಹಿತ್ತಿಲ ಮೇಪಲ್ ಮರ ನೋಡಿ, ಕೆಳಗಿಡುತ್ತಿದ್ದರು. ಮೊದಮೊದಲು "ಇವತ್ತು ಹತ್ರ ಬಂದಂಗ ಅನಸ್ತು" ಎನ್ನುತ್ತಿದ್ದರು. ಕಣ್ಣಿನ ಪೊರೆ ಬೆಳೆಯುತ್ತಿತ್ತು. ಸ್ವತಃ ಡಾಕ್ಟರಾದವರು ಆಪರೇಷನ್ನಿಗೆ ಒಪ್ಪಲಿಲ್ಲ. "ನನ್ನ ಕಣ್ಣು ಬದಲಾದ್ರ ಅದನ್ನ ಹೆಂಗ ಗುರ್ತು ಹಿಡೀಲಿ?" ಎಂದರು. ಡ್ರೈವ್ ಮಾಡುವುದು ನಿಂತಿತು, ಓದುವುದು ನಿಂತಿತು. ಕೊನೆಗೆ ಒಂದು ದಿನ ನಾನು ಚಹಾ ಕುಡಿಯುತ್ತಿದ್ದಾಗ, ಯಾರಿಗೋ ಹೇಳುವಂತೆ, "ಆ ಮಬ್ಬು ಹೆಂಗಿತ್ತು ಅನ್ನೂದ ಮರತುಹೋಗ್ಯದ" ಎಂದರು. ಹುಡುಕುವ ವಸ್ತು ಯಾವುದೆಂದೇ ಮರೆತ ಮೇಲೂ ಅವರ ಬೆರಳು ಹುಡುಕುವುದನ್ನು ಬಿಡಲಿಲ್ಲ. ನಾನು ಲೋಟ ತೊಳೆದಿಟ್ಟು ಮನೆಗೆ ಬಂದೆ.

ಆಮೇಲೆ ನನ್ನ ಕೆಲಸ ಬದಲಾಗಿ ನಾವು ಸ್ಕೋಕಿಗೆ ಬಂದೆವು. ದಿನಾ ಇದ್ದ ಫೋನು ವಾರಕ್ಕೊಮ್ಮೆಯಾಯಿತು, ಆಮೇಲೆ ಹಬ್ಬಕ್ಕೊಮ್ಮೆ. ಈ ವರ್ಷ ಯುಗಾದಿಯ ಆಸುಪಾಸಿನಲ್ಲಿ ಅವರು ನಿದ್ದೆಯಲ್ಲೇ ಹೋದರು. ಬೇರೆ ರಾಜ್ಯದಲ್ಲಿದ್ದ ದೂರದ ಸಂಬಂಧಿಯೊಬ್ಬರು ಬಂದು ಎಲ್ಲ ಮಾಡಿದರು. ನಾನು ಹೋಗಿ ದೂರದಿಂದ ಕೈಮುಗಿದು ಬಂದೆ. ಆ ಗದ್ದಲದಲ್ಲಿ ಕ್ಯಾಮೆರಾದ ವಿಷಯ ಯಾರ ಹತ್ತಿರ ಎತ್ತುವುದು?

ಬೇಸಿಗೆಯಲ್ಲಿ ಆ ಮನೆಯ ಎಸ್ಟೇಟ್ ಸೇಲ್, ಅಂದರೆ ತೀರಿಹೋದವರ ಸಾಮಾನುಗಳ ಮಾರಾಟ, ಎಂದು ಹಳೆಯ ನೆರೆಯವರೊಬ್ಬರು ಲಿಂಕ್ ಕಳಿಸಿದರು. ಮನೆಯ ಸಾಮಾನುಗಳ ಫೋಟೊಗಳ ನಡುವೆ ಅದೂ ಇತ್ತು. ಕೆಳಗೆ ಬರೆದಿದ್ದರು: ಕ್ಯಾಮೆರಾ, ಕೆಲಸ ಮಾಡುತ್ತದೆ, ಕಣ್ಣಿಡುವ ವ್ಯೂಫೈಂಡರ್ ಮಬ್ಬು. ಅಂದರೆ ಕೊನೆಯವರೆಗೂ ಅವರು ಅದನ್ನು ತಮ್ಮ ಕಣ್ಣಿಗೆ ತಿರುಗಿಸಿಕೊಂಡಿರಲಿಲ್ಲ. ಶನಿವಾರ ಬೆಳಿಗ್ಗೆ ಎದ್ದವಳೇ ಕಾರು ತೆಗೆದೆ. ಇಡೀ ಮಿಷಿಗನ್ ದಾಟಿ ಹೋಗಿ ಇಳಿದರೆ, ಡ್ರೈವ್‌ವೇ ತುಂಬ ಅಪರಿಚಿತರು. ಒಗ್ಗರಣೆ ಸೌಟಿಗೆ, ಶಾವಿಗೆ ಒರಳಿಗೆ ಒಂದೊಂದು ಬೆಲೆಚೀಟಿ. ಮಗ ತಂದುಕೊಟ್ಟ ಆ ಬೂಟುಗಳು ಹೊಸವುಗಳಂತೆಯೇ ಗೋಡೆಗೆ ಒರಗಿದ್ದವು. ಕ್ಯಾಮೆರಾ ಆಗಲೇ ಹೋಗಿತ್ತು. ಬಾಗಿಲು ತೆರೆಯುತ್ತಲೇ ಯಾರೋ ತೆಗೆದುಕೊಂಡರು ಎಂದಳು ಮೇಜಿನ ಹಿಂದಿದ್ದ ಹುಡುಗಿ.

ಹೋದ ವಾರ ಹ್ಯಾಂಡ್ ವಾರ್ಮರ್ ಹಿಡಿದು ನಿಂತಿದ್ದ ನನ್ನನ್ನು ನೋಡಿ ಮಗಳು, "ಅಮ್ಮಾ, ದಟ್ಸ್ ಟ್ರ್ಯಾಶ್" ಎಂದಳು. ಹೌದು ಎಂದೆ. ಬಿಸಿಯಾಗುವುದಿಲ್ಲ ಎಂದು ಗೊತ್ತಿದ್ದೂ ಒಂದೆರಡು ಸಲ ಅಲ್ಲಾಡಿಸಿ ನೋಡಿ, ಮತ್ತೆ ಜೇಬಿಗೇ ಹಾಕಿಕೊಂಡೆ. ಹೊರಗೆ ಹಿಮ ಬೀಳುತ್ತಲೇ ಇತ್ತು. ಡೆಟ್ರಾಯಿಟ್ ಕಡೆಯೂ ಬೀಳುತ್ತಿದೆ ಎಂದು ಸುದ್ದಿಯಲ್ಲಿ ಹೇಳಿದರು. ಅಲ್ಲೆಲ್ಲೋ ಒಂದು ಮನೆಯ ಕಿಟಕಿಯಲ್ಲಿ ಯಾರೋ ಆ ಕ್ಯಾಮೆರಾ ಎತ್ತಿ ಹಿಮ ಹೊತ್ತ ಮರಗಳನ್ನು ನೋಡುತ್ತಿರಬಹುದು. ಕೊಂಡ ದಿನವೇ ಚಕ್ರ ತಿರುಗಿಸಿ ಸರಿಮಾಡಿಕೊಂಡಿರುತ್ತಾರೆ. ಅವರಿಗೆ ಎಲ್ಲವೂ ಸ್ಪಷ್ಟವಾಗಿ ಕಾಣುತ್ತಿರುತ್ತದೆ.